ಗಿಂಡಿಯೊಳಗಿನ ತೀರ್ಥ

ಗ್ಲೆಂಡೇಲ್ ಹೈಟ್ಸ್, ಶಿಕಾಗೊ
ಅಕ್ಟೋಬರ್ 13, 2025

ಪ್ರೀತಿಯ ಗಂಗಾ,

ನಿನಗೂ ಕಲ್ಲಿನಾಥರಿಗೂ ನನ್ನ ನೆನಪುಗಳು. ಸಕ್ಕರೆ, ಬಿಪಿ ಎರಡೂ ಹಿಡಿತದಲ್ಲಿವೆ, ಹಾಗಾಗಿ ನಾನು ಕ್ಷೇಮ ಎಂದೇ ಇಟ್ಟುಕೋ. ನೀನು ಆಗಸ್ಟ್‌ನಲ್ಲಿ ನಿನ್ನ ಮಗ ಸಂಗಮೇಶನ ಕೈಲಿ ಕಳಿಸಿದ ಶೇಂಗಾ ಚಟ್ನಿಪುಡಿ ಮುಗಿದೇ ಹೋಯಿತು, ತಲುಪಿತು ಅಂತ ಒಂದು ಮಾತು ಬರೆಯಲಿಲ್ಲ ನಾನು. ನಿನ್ನ ಮಂಡಿ ಆಪರೇಷನ್ ಆದಮೇಲೆ ಒಂದು ಸಲ ಫೋನ್ ಮಾಡಿದ್ದು ಬಿಟ್ಟರೆ ಹೇಗಿದ್ದೀಯ ಅಂತ ಕೇಳಲೂ ಇಲ್ಲ. ಬೈದುಕೊಂಡಿದ್ದರೆ ಸರಿಯಾಗಿಯೇ ಬೈದುಕೊಂಡಿದ್ದೀಯ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನಗೆ ಕಿವಿ ಮಂದ, ಸ್ಪೀಕರ್ ಹಾಕುತ್ತೀಯ, ಪಕ್ಕದ ಕುರ್ಚಿಯಲ್ಲಿ ಕಲ್ಲಿನಾಥರು ಕೂತಿರುತ್ತಾರೆ. ಈ ವಿಷಯವನ್ನು ಮೊದಲು ನೀನು ಓದಬೇಕು. ಓದಿ, ಆಮೇಲೆ ಅವರ ಕೈಗೆ ಕೊಡು. ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು.

ಮೊನ್ನೆ ಶನಿವಾರ ವಿಭಾಳ ದೊಡ್ಡ ಮಗಳು ಇಂಚರಳ ಮದುವೆ ಆಯಿತು. ನಮ್ಮ ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುವ ವಿಭಾ, ನಿನಗೆ ಗೊತ್ತಲ್ಲ. ಹುಡುಗ ಇಲ್ಲಿಂದ ದಕ್ಷಿಣಕ್ಕೆ ಮೂರು ಗಂಟೆ ಡ್ರೈವ್ ದೂರದ, ಜೋಳ ಬೆಳೆಯುವ ಊರಿನವನು, ಬಿಳಿಯರ ಹುಡುಗ. ಬೆಳಗ್ಗೆ ಮುಹೂರ್ತ ಅಚ್ಚುಕಟ್ಟಾಗಿ ನಡೆಯಿತು. ಹುಡುಗನ ಅಜ್ಜಿ ಲೊರೇನ್ ಅಂತ, ಎಂಬತ್ತು ದಾಟಿದವರು, ಧಾರೆ ಎರೆಯುವಾಗ ನನ್ನ ಪಕ್ಕದಲ್ಲೇ ಕೂತು ಪ್ರತಿಯೊಂದನ್ನೂ ಇದೇನು, ಇದ್ಯಾಕೆ ಅಂತ ಕೇಳಿ ತಿಳಿದುಕೊಂಡರು. ಸಂಜೆ ಓಕ್ ಬ್ರೂಕ್‌ನ ಒಂದು ಹಾಲ್‌ನಲ್ಲಿ ರಿಸೆಪ್ಷನ್. ಊಟ ಚೆನ್ನಾಗಿತ್ತು, ಬಿಸಿಬೇಳೆಬಾತ್ ಮಾತ್ರ ಸ್ವಲ್ಪ ಗಟ್ಟಿ.

ರಿಸೆಪ್ಷನ್ನಿನ ಹಾಡುಗಳ ಹೊಣೆ ವಿಭಾಳ ಎರಡನೇ ಮಗಳು ಇಳಾಳದು. ಅವಳು ಹಗಲೆಲ್ಲ ಫಾರ್ಮಸಿಯಲ್ಲಿ ಮಾತ್ರೆ ಎಣಿಸುತ್ತಾಳೆ, ಬಿಡುವಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಹಳೆಯ ಕಂಟ್ರಿ ಹಾಡುಗಳನ್ನು ಕುಣಿಯುವ ಹಾಡುಗಳನ್ನಾಗಿ ಮಾಡುತ್ತಾಳೆ. ಅದಕ್ಕೆ ರೀಮಿಕ್ಸ್ ಅಂತ ಹೆಸರು. ಕಂಟ್ರಿ ಅಂದರೆ ಗೊತ್ತಲ್ಲ, ದೊಡ್ಡ ಹ್ಯಾಟು ಹಾಕಿಕೊಂಡು, ಗಿಟಾರ್ ಹಿಡಿದು, ಮೂಗಿನಲ್ಲಿ ಅಳುತ್ತಾ ಹಾಡುತ್ತಾರಲ್ಲ, ಅದು. ಅಳುವ ಹಾಡಿಗೆ ಯಾರು ಕುಣಿಯುತ್ತಾರೆ ಅಂತ ನಾನು ಅವಳನ್ನು ಹಿಂದೊಮ್ಮೆ ರೇಗಿಸಿದ್ದೆ. ಬೀಟ್ ಶಿಕಾಗೊದ್ದು, ಬೇಸ್ ಡೆಟ್ರಾಯಿಟ್‌ದು, ಎರಡೂ ನಿಮ್ಮೂರೇ ಅಲ್ವಾ ಆಂಟಿ ಅಂತ ನಕ್ಕಿದ್ದಳು.

ಊಟ ಮುಗಿದ ಮೇಲೆ ಇಳಾ ಮೈಕ್ ಹಿಡಿದು, ಮುಂದಿನ ಹಾಡು ಎರಡೂ ಮನೆಯವರಿಗಾಗಿ ಅಂದಳು. ಮೊದಲು ಒಂದು ಪಿಟೀಲು ಎಳೆಯಿತು. ಆಮೇಲೆ ಇಂಗ್ಲಿಷಿನಲ್ಲಿ ಒಬ್ಬ ಗಂಡಸಿನ ದನಿ. ಅದರ ಹಿಂದೆಯೇ ನಮ್ಮ ತಮಟೆ, ನೆಲ ಅದುರುವ ಹಾಗೆ. ಹುಡುಗನ ಕಡೆಯವರೆಲ್ಲ ಕೇಕೆ ಹಾಕುತ್ತಾ ಎದ್ದರು. ನಾನು ಹಾಲುಬಾಯಿ ತಿನ್ನುತ್ತಾ ಕೂತಿದ್ದವಳು, ಗಂಗಾ, ನನ್ನ ಬಾಯಿಂದ ತಾನಾಗಿಯೇ ಕನ್ನಡ ಹೊರಟಿತು:

ದೀಪ ಆರಿಸಬೇಡ ತಾಯೆ, ದಾರಿಯೊಳಗಿರುವೆನು ನಾನು,
ಹೊಳೆಯ ದಾಟಿ ಬರುವೆ ತಾಯೆ, ಬಾಗಿಲ ಹಾಕದಿರು ನೀನು.

ಒಂದು ಸ್ವರ ಆಚೆ ಈಚೆ ಇಲ್ಲ. ಅದೇ ಏರು, ಅದೇ ಇಳಿತ, 'ತಾಯೆ' ಅನ್ನುವಲ್ಲಿ ಅದೇ ಎಳೆತ. ನನ್ನ ಅತ್ತೆಯವರ ತತ್ವಪದ. ನಮ್ಮ ಮಂಡಳಿ ಪ್ರತಿ ಶನಿವಾರ ಮಂಗಳಾರತಿಗೆ ಮುಂಚೆ ಹಾಡುವ ಪದ. ಅದಕ್ಕೆ ಇನ್ನೂರು ಜನ ಸೊಂಟ ಕುಣಿಸುತ್ತಿದ್ದರು. ನನ್ನ ಕೈಲಿದ್ದ ಚಮಚ ಕೆಳಗೆ ಬಿತ್ತು. ಮಂಡಳಿಯ ಹೆಂಗಸರು ಮೊದಲು ಬಾಯಿಯ ಮೇಲೆ ಕೈ ಇಟ್ಟುಕೊಂಡರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗತೊಡಗಿದರು.

ನನಗೆ ಬಂದ ಕೋಪವನ್ನು ನೀನು ನೋಡಬೇಕಿತ್ತು. ಮಂಡಳಿಯಲ್ಲಿ ನಾನೇ ಕೂರಿಸಿಕೊಂಡು ಕಲಿಸಿದ ಹುಡುಗಿ, ನನ್ನ ಭಜನೆಯನ್ನು ಕದ್ದು, ಯಾವನೋ ಹ್ಯಾಟಿನವನ ಕೈಲಿ ಇಂಗ್ಲಿಷಿನಲ್ಲಿ ಹಾಡಿಸಿ, ಕುಣಿಸುತ್ತಿದ್ದಾಳೆ ಅಂತಲೇ ಅಂದುಕೊಂಡೆ. ಸೀರೆಯ ನೆರಿಗೆ ಹಿಡಿದುಕೊಂಡು ಕುಣಿಯುವವರ ನಡುವೆಯೇ ನುಗ್ಗಿ ಅವಳ ಮೇಜಿನ ಮುಂದೆ ಹೋಗಿ ನಿಂತೆ. ನಿಲ್ಲಿಸು ಇದನ್ನ, ಯಾರನ್ನ ಕೇಳಿ ತಗೊಂಡೆ ಅಂದೆ. ಅವಳು ಕಿವಿಯ ಮೇಲಿದ್ದದ್ದನ್ನು ತೆಗೆದು, ನಾನು ಹೊಗಳಲು ಬಂದಿದ್ದೇನೆ ಎನ್ನುವ ಹಾಗೆ ನನ್ನ ಕೈ ಹಿಡಿದುಕೊಂಡಳು.

"ಆಂಟಿ, ದಿಸ್ ಈಸ್ ಫಾರ್ ಯೂ. ಫಸ್ಟ್ ರೀಮಿಕ್ಸ್ ಮಾಡಿದ್ದೇ ನೀವು ಅಂತ ನಾನು ಎಲ್ರಿಗೂ ಹೇಳ್ತೀನಿ."

ಯಾವ ರೀಮಿಕ್ಸ್ ಅಂದೆ. ಅವಳ ನಗು ನಿಂತಿತು. ತಗ್ಗಿದ ದನಿಯಲ್ಲಿ, "ಓ ಮೈ ಗಾಡ್. ಆಂಟಿ, ಐ ಥಾಟ್ ಯೂ ನ್ಯೂ," ಅಂದಳು.

ಅದು ಅರವತ್ತು ವರ್ಷದ ಹಿಂದಿನ ಹಾಡಂತೆ. ಈ ಸೀಮೆಯ ಲಾರಿ ಓಡಿಸುವವರೆಲ್ಲ ಬಾಯಿಪಾಠ ಮಾಡಿಕೊಂಡಿದ್ದ ಹಾಡಂತೆ. ಫೋನಿನಲ್ಲಿ ತೋರಿಸಿದಳು, ಕಪ್ಪು ಬಿಳುಪಿನಲ್ಲಿ ಹ್ಯಾಟು ಹಾಕಿದವನು ನಿಂತಿದ್ದಾನೆ. ಕಾಲೇಜಿನಲ್ಲಿ ರೂಮ್‌ಮೇಟ್ ಒಬ್ಬಳು ಕೇಳಿಸಿದಾಗ ಇಳಾಗೆ ಗೊತ್ತಾಯಿತಂತೆ. ಪದ್ಮ ಆಂಟಿ ಕಂಟ್ರಿ ಹಾಡಿಗೆ ಕನ್ನಡ ಹಾಕಿ ದೇವಸ್ಥಾನದಲ್ಲಿ ಹಾಡಿಸುತ್ತಾರೆ, ಎಷ್ಟು ಧೈರ್ಯ ಅಂತ ಮೆಚ್ಚಿಕೊಂಡು, ನನ್ನಿಂದಲೇ ಈ ಚಾಳಿ ಹಿಡಿಸಿಕೊಂಡಳಂತೆ. ಪಾಪ, ಹುಡುಗಿ ಅಳುವ ಹಾಗಾಗಿದ್ದಳು. ನಾನು ಅವಳ ತಲೆ ಸವರಿ ಬಂದು ನನ್ನ ಜಾಗದಲ್ಲಿ ಕೂತೆ.

ಆ ಅಜ್ಜಿ ಲೊರೇನ್ ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. ನಾನು ಗುನುಗಿದ್ದನ್ನು ಅವರು ಕೇಳಿಸಿಕೊಂಡಿದ್ದರು. ನಿಮಗೆ ಈ ಹಾಡು ಹೇಗೆ ಗೊತ್ತು ಅಂತ ಕೇಳಿದರು. ನನ್ನ ಗಂಡ ಹಾಡುತ್ತಿದ್ದರು ಅಂದೆ. ಅವರ ಗಂಡನೂ ಹಾಡುತ್ತಿದ್ದನಂತೆ. ನಿಮ್ಮವರೂ ಲಾರಿ ಓಡಿಸುತ್ತಿದ್ದರಾ ಅಂದರು. ಇಲ್ಲ, ಲಾರಿಗೆ ಬ್ರೇಕ್ ಡಿಸೈನ್ ಮಾಡುತ್ತಿದ್ದರು ಅಂದೆ. ಇಬ್ಬರೂ ಕೈ ಕೈ ಹಿಡಿದು ಕೂತುಕೊಂಡೆವು, ಎದುರಿಗೆ ಕುಣಿತ ನಡೆದೇ ಇತ್ತು.

ನಿನ್ನೆ ಬೆಳಗ್ಗೆ ಕಾಫಿ ಕುಡಿದು, ಅಡುಗೆಮನೆಯ ಮೇಜಿನ ಮುಂದೆ ಕೂತು, ಇಳಾ ಕಳಿಸಿದ ಮೂಲ ಹಾಡನ್ನು ಮತ್ತೆ ಮತ್ತೆ ಕೇಳಿದೆ. ಲಾರಿಯವನೊಬ್ಬ ದೂರದಿಂದ ಮನೆಗೆ ಬರುತ್ತಿದ್ದಾನೆ. ಅಮ್ಮಾ, ಜಗಲಿಯ ದೀಪ ಆರಿಸಬೇಡ ಅನ್ನುತ್ತಾನೆ. ನದಿಯ ಸೇತುವೆ ದಾಟಿದರೆ ಬಂದೇಬಿಟ್ಟೆ ಅನ್ನುತ್ತಾನೆ. ಹೊಳೆ ಎಂದರೆ ಸಂಸಾರ, ತಾಯಿ ಎಂದರೆ ಪರಮಾತ್ಮ ಎಂದು ನಾನು ಎಷ್ಟು ಮಕ್ಕಳಿಗೆ ಅರ್ಥ ಹೇಳಿಕೊಟ್ಟಿದ್ದೇನೆ ಗಂಗಾ. ಊರಿನಿಂದ ಬಂದಿದ್ದ ಸ್ವಾಮಿಗಳು ನಮ್ಮ ಮನೆಯಲ್ಲೇ ಇದರ ಮೇಲೆ ಒಂದು ಗಂಟೆ ಪ್ರವಚನ ಮಾಡಿದ್ದರಲ್ಲ, ನೀನು ನನ್ನ ಪಕ್ಕದಲ್ಲೇ ಕೂತು ಕಣ್ಣೊರೆಸಿಕೊಂಡಿದ್ದೆ. 'ಗಿಂಡಿ ತುಂಬ ತಂದ ತೀರ್ಥ ಹಾದಿಯೊಳಗೆ ಬರಿದಾಯ್ತು' ಎನ್ನುವ ಸಾಲನ್ನು, ಆಯುಷ್ಯ ಕಳೆದುಹೋಯಿತು ಎಂದು ಬಿಡಿಸಿ ಹೇಳಿದ್ದರು. ಮೂಲದಲ್ಲಿ ಅದು ವಿಸ್ಕಿ ಬಾಟಲಿ. ಪಕ್ಕದ ಸೀಟಿನ ಮೇಲೆ ಇಟ್ಟುಕೊಂಡಿರುತ್ತಾನೆ, ದಾರಿಯಲ್ಲೇ ಖಾಲಿ ಮಾಡಿಬಿಡುತ್ತಾನೆ.

ನಿನಗೆ ಗೊತ್ತಿರುವುದನ್ನೇ ಈಗ ಮತ್ತೆ ಬರೆಯುತ್ತೇನೆ, ಯಾಕೆಂದರೆ ನನಗೇ ಅದು ಹೊಸದಾಗಿ ಕಾಣಿಸುತ್ತಿದೆ. ನಾನು ಮೈಸೂರಿನಲ್ಲಿ ವೀಸಾ ಕಾಯುತ್ತಾ ಅತ್ತೆಯ ಜೊತೆ ನಾಲ್ಕು ವರ್ಷ ಇದ್ದೆ. ಆಗ ನಮ್ಮವರು ಶ್ರೀಹರಿ, ನಿಮ್ಮವರು ಕಲ್ಲಿನಾಥ, ಡೆಟ್ರಾಯಿಟ್‌ನಲ್ಲಿ ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದು, ಒಂದೇ ಹಳೇ ಕಾರಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಆ ಕಾರಿನ ರೇಡಿಯೊದ ತಿರುಪು ಮುರಿದಿತ್ತು, ಒಂದೇ ಸ್ಟೇಷನ್ ಬರುತ್ತಿತ್ತು. ಅದನ್ನು ಇಬ್ಬರೂ ಎಷ್ಟು ಸಲ ಹೇಳಿ ನಕ್ಕಿಲ್ಲ. ಯಾವ ಸ್ಟೇಷನ್ ಅಂತ ಮಾತ್ರ ನಾನು ಕೇಳಲಿಲ್ಲ.

ನಾನು ಬಂದು ಎರಡು ವರ್ಷಕ್ಕೆ ಅತ್ತೆ ಹೋದರು. ಇವರ ಕಾಗದಪತ್ರ ಆಫೀಸಿನಲ್ಲಿ ಸಿಕ್ಕಿಕೊಂಡಿತ್ತು, ಊರಿಗೆ ಹೋಗಲಾಗಲಿಲ್ಲ. ಹದಿಮೂರನೇ ದಿನ ನಮ್ಮ ಮನೆಯಲ್ಲಿ ಏಳೆಂಟು ಜನ ಸೇರಿದ್ದೆವು, ಪುರೋಹಿತರೂ ಇಲ್ಲ, ಮಂತ್ರವೂ ಇಲ್ಲ. ನೀನು ಗೋಧಿ ಹುಗ್ಗಿ ಮಾಡಿ ತಂದಿದ್ದೆ. ಹಿರಿಯರೊಬ್ಬರು, ನಿಮ್ಮ ತಾಯಿ ಹಾಡುತ್ತಿದ್ದ ಯಾವುದಾದರೂ ದೇವರನಾಮ ಹೇಳಪ್ಪ ಅಂದರು. ಇವರು ಸುಮಾರು ಹೊತ್ತು ತಲೆ ತಗ್ಗಿಸಿ ಕೂತಿದ್ದು, ಆಮೇಲೆ ಈ ಪದ ಹಾಡಿದರು. ಎಲ್ಲರೂ ಅತ್ತೆವು. ಅವತ್ತಿನಿಂದ ಅದು ಅತ್ತೆಯವರ ಪದವಾಯಿತು.

ನಾಲ್ಕು ವರ್ಷ ಜೊತೆಗಿದ್ದರೂ ಅತ್ತೆ ಹಾಡಿದ್ದನ್ನು ನಾನು ಒಂದು ದಿನವೂ ಕೇಳಿರಲಿಲ್ಲ. ಲೆಕ್ಕದ ಮೇಡಂ ಅವರು, ಮನೆಯಲ್ಲೂ ಲೆಕ್ಕದ ಮೇಡಂ. ಕೇಳಿದಾಗ ಇವರು, "ನೀನು ಬರೋಕೆ ಮುಂಚೆ ಹಾಡ್ತಿದ್ರು ಕಣೆ, ಆಮೇಲೆ ಬಿಟ್ರು," ಅಂದರು. ನಾನು ನಂಬಿದೆ. ನನ್ನ ಕಾಲ್ಗುಣಕ್ಕೆ ಅತ್ತೆ ಹಾಡು ಬಿಟ್ಟರೇನೋ ಅಂತ ಕೊರಗಿಯೂ ಇದ್ದೆ.

ಇಷ್ಟು ವರ್ಷ ನನ್ನೊಡನೆ ಬಾಳಿದ ಮನುಷ್ಯ, ಒಂದು ದಿನವಾದರೂ ಹೇಳಬಾರದಿತ್ತೇ? ನಾನು ಅದಕ್ಕೆ ರಾಗದ ಹೆಸರು ಹುಡುಕಿ ಒದ್ದಾಡುವಾಗ ಎದುರಿಗೆ ಕೂತು ಪೇಪರ್ ಓದುತ್ತಿದ್ದರಲ್ಲ. ಅಂಗಡಿ ಸಾಮಾನಿನ ಚೀಟಿಯನ್ನೂ ನನ್ನ ಕೈಲೇ ಬರೆಸುತ್ತಿದ್ದವರು, ಅಷ್ಟು ಚೆಂದದ ಕನ್ನಡ ಸಾಲುಗಳನ್ನು ಯಾವಾಗ ಕಟ್ಟಿದರು? ಕಾರಿನಲ್ಲೋ? ಅದನ್ನು ನೆನೆದರೆ ಹೊಟ್ಟೆಯೂ ಉರಿಯುತ್ತದೆ, ಅಳುವೂ ಬರುತ್ತದೆ.

ಕಲ್ಲಿನಾಥರಿಗಂತೂ ಗೊತ್ತಿರಲೇಬೇಕು. ಅದೇ ರೇಡಿಯೊ ಕೇಳಿದವರು ಅವರು. ಡೆಟ್ರಾಯಿಟ್‌ನಲ್ಲಿದ್ದಾಗಲೂ, ಇಲ್ಲಿಗೆ ಬಂದಾಗಲೂ, ನಾನು ಈ ಪದ ಎತ್ತಿಕೊಂಡರೆ ಸಾಕು, "ನೀವು ಹಾಡ್ರಿ ವೈನಿ, ನಾ ಚಾ ನೋಡ್ತೀನಿ," ಅಂತ ಒಳಗೆ ಹೋಗಿಬಿಡುತ್ತಿದ್ದರು. ಭಕ್ತಿ ಕಡಿಮೆ ಅಂದುಕೊಂಡಿದ್ದೆ. ಪಾಪ, ನಗು ತಡೆಯಲು ಹೋಗುತ್ತಿದ್ದರು ಅಂತ ಈಗ ತಿಳಿಯುತ್ತಿದೆ.

ದೀಪಾವಳಿ ಮುಗಿದ ಶನಿವಾರ ಇವರ ತಿಥಿ. ಭಜನೆ ನಮ್ಮ ಮನೆಯಲ್ಲೇ. ಮಂಡಳಿಯ ವಾಟ್ಸ್ಯಾಪ್‌ನಲ್ಲಿ ಆಗಲೇ ಕುಣಿತದ ವಿಡಿಯೊ ಓಡಾಡುತ್ತಿದೆ. ವಿಭಾ ಫೋನ್ ಮಾಡಿ, ಈ ಸಲ ಆ ಪದ ಬೇಡ ಅನ್ನಿಸಿದರೆ ಬೇರೆ ಹಾಡೋಣ ಅಂದಳು. ಅವಳು ಒಳ್ಳೆಯದಕ್ಕೇ ಹೇಳಿದ್ದು. ಬೇಡ ಅಂತಲೇ ನಾನೂ ಹೇಳಿದೆ. ಇವರ ಫೋಟೊದ ಮುಂದೆ ಕೂತು ಇನ್ನು ಯಾವ ಬಾಯಲ್ಲಿ ಅದನ್ನು ಹಾಡಲಿ?

ನಿನ್ನ ಮಂಡಿ ಜೋಪಾನ, ಮೆಟ್ಟಿಲು ಹತ್ತಬೇಡ. ಡೆವನ್ ಅವೆನ್ಯೂ ಅಂಗಡಿಯಲ್ಲಿ ಒಳ್ಳೆಯ ಹುಣಸೇಹಣ್ಣು ಬಂದಿದೆ, ನಿನಗೂ ತೆಗೆದಿಟ್ಟಿದ್ದೇನೆ. ಸಂಗಮೇಶನಿಗೂ ಮಕ್ಕಳಿಗೂ ಆಶೀರ್ವಾದ. ಎಲ್ಲರೂ ತಣ್ಣಗಿರಿ.

ನಿನ್ನ,
ಪದ್ಮಕ್ಕ

ಮರೆತಿದ್ದು: ಹಾಗಂತ ಬರೆದೆನೇ ಹೊರತು ಮರೆತಿರಲಿಲ್ಲ.

ಇವರ ಕೊನೆಯ ದಿನ ನೀವಿಬ್ಬರೂ ನಿಮ್ಮೂರು ಕ್ಯಾಂಟನ್‌ನಿಂದ ಹೊರಟು ದಾರಿಯಲ್ಲಿದ್ದಿರಿ. ನಾನು ಕಿವಿಯ ಹತ್ತಿರ ಬಗ್ಗಿ ಇದೇ ಪದ ಹಾಡುತ್ತಿದ್ದೆ. ಗಿಂಡಿಯ ಸಾಲು ಬಂದಾಗ ಇವರ ತುಟಿ ಅಲುಗಿತು. ತೀರ್ಥ ಕೇಳುತ್ತಿದ್ದಾರೆ ಅಂದುಕೊಂಡು ದೇವರ ಮುಂದಿದ್ದ ಗಿಂಡಿ ತಂದು, ಒಂದು ಉದ್ಧರಣೆ ಗಂಗಾಜಲ ಬಾಯಿಗೆ ಹಾಕಿದೆ. ಇವರು ಗಿಂಡಿಯನ್ನೇ ನೋಡಿ ನಕ್ಕರು ಗಂಗಾ. ಭುಜ ಕುಲುಕುವ ಹಾಗೆ ನಕ್ಕರು, ತೀರ್ಥ ಕಟವಾಯಿಯಲ್ಲಿ ಹರಿಯಿತು. "ಕಲ್ಲಿ..." ಅಂದರು. ನೀವು ಬಂದಿರಾ ಅಂತ ಕೇಳುತ್ತಿದ್ದಾರೆ ಎಂದುಕೊಂಡು, ಬರ್ತಿದಾರೆ, ಹತ್ರದಲ್ಲೇ ಇದಾರೆ ಅಂದೆ. ಮತ್ತೆ ಮಾತಾಡಲಿಲ್ಲ.

ಎರಡು ವರ್ಷದಿಂದ ಆ ನಗುವನ್ನು ನನ್ನದು ಅಂತ ಇಟ್ಟುಕೊಂಡು ಬದುಕಿದ್ದೇನೆ. ಅದು ನನ್ನದಲ್ಲ, ಅವರಿಬ್ಬರ ಕಾರಿನದು ಅಂತ ನಿನ್ನೆ ಅಡುಗೆಮನೆಯಲ್ಲಿ ಗೊತ್ತಾಯಿತು. ವಿಭಾಗೆ ಮತ್ತೆ ಫೋನ್ ಮಾಡಿ, ಆ ಪದ ಹಾಡೇ ಹಾಡುತ್ತೇನೆ ಅಂತ ಹೇಳುತ್ತೇನೆ. ನಿನ್ನ ಮಂಡಿ ಹೇಗೇ ಇರಲಿ, ಆ ಶನಿವಾರ ಕಲ್ಲಿನಾಥರನ್ನು ಕಳಿಸಿಕೊಡು. ಚಹಾ ನಾನು ಮೊದಲೇ ಮಾಡಿಟ್ಟಿರುತ್ತೇನೆ, ಅವರು ಎದ್ದು ಹೋಗುವುದು ಬೇಡ. ಗಿಂಡಿಯ ಸಾಲು ಬಂದಾಗ ನನಗೆ ಅವರ ಮುಖ ನೋಡಬೇಕು.