ಫ್ಲಾಪಿಗೆ ಇಟ್ಟ ವಿಭೂತಿ

ಅಕ್ಟೋಬರ್ 16, 1985. ಬುಧವಾರ

ಎಂದಿನಂತೆ ಕಂಪ್ಯೂಟರ್ ರೂಮಿನ ಹೊರಗೆ ಚಪ್ಪಲಿ ಬಿಟ್ಟು, ಏಸಿ ಚಳಿಗೆ ಸ್ವೆಟರ್ ಹಾಕಿಕೊಂಡು ಕೂತೆ. ಇಡೀ ದಿನ ಡೇಟಾ ಎಂಟ್ರಿ. ಊಟದ ಹೊತ್ತಿನಲ್ಲಿ ಮಾತ್ರ ನನ್ನ ಪ್ರೋಗ್ರಾಂ — ಸಂಬಳದ ಲೆಕ್ಕದ್ದು. ಇವತ್ತು ಕೊನೆಗೂ ಸರಿಯಾಗಿ ಓಡಿತು! ಮುಂದಿನ ಬುಧವಾರ ಬಾಂಬೆ ಹೆಡ್ಡಾಫೀಸಿನ ಸಾಹೇಬರ ಮುಂದೆ ತೋರಿಸಬೇಕು. ಮೆಚ್ಚಿದರೆ ನನ್ನ ಹೆಸರು ಹೇಳಿ ಪ್ರೋಗ್ರಾಮರ್ ಪೋಸ್ಟ್ ಕೊಡಿಸುತ್ತೇನೆ ಎಂದಿದ್ದಾರೆ ಮ್ಯಾನೇಜರ್. ಇಲ್ಲದಿದ್ದರೆ ಹೀಗೇ ಕೀಬೋರ್ಡ್ ಕುಟ್ಟುತ್ತಿರುವುದು. ಊಟ ಸೇರುತ್ತಿಲ್ಲ.

19, ಶನಿವಾರ

ರಜೆಗೆ ಮುಂಚೆ ಆಫೀಸಿನಲ್ಲಿ ಆಯುಧಪೂಜೆ. ಪ್ರೋಗ್ರಾಂ ತುಂಬಿಟ್ಟ ಫ್ಲಾಪಿ ಒಂದೇ ಇದೆ, ಇನ್ನೊಂದು ಕಾಪಿ ತೆಗೆಯೋಣವೆಂದು ಕೂತೆ. ಮ್ಯಾನೇಜರ್ ಪರಮಶಿವಯ್ಯನವರು ತಟ್ಟೆ ಹಿಡಿದು ಬಂದರು.

"ಸರ್ವಮಂಗಳಾ, ಅದೆಲ್ಲ ಆಮೇಲೆ ನೋಡ್ಕೊಳ್ಳಿ. ಪೂಜೆ ನೀವೇ ಮಾಡ್ಬಿಡಿ. ಲೇಡೀಸ್ ಮಾಡಿದ್ರೇನೇ ಲಕ್ಷಣ."

ಮಷೀನಿಗೆ ವಿಭೂತಿ ಎಳೆದೆ, ಕುಂಕುಮ ಇಟ್ಟೆ. "ನಿಮ್ ಫ್ಲಾಪಿಗೂ ಇಡಿ, ಇಡಿ" ಎಂದರು. ಇಟ್ಟೆ. ಆಮೇಲೆ ಕಾಪಿ ತೆಗೆಯಲು ಹೋದರೆ — ಪೂಜೆಯಾದ ಮೇಲೆ ಮಷೀನು ಮುಟ್ಟಬಾರದಂತೆ. ಬೀಗ ಹಾಕಿಬಿಟ್ಟರು.

22, ಮಂಗಳವಾರ

ಹೋಳಿಗೆ ರುಚಿಸಲಿಲ್ಲ.

"ಹಬ್ಬದ ದಿನ ಯಾಕಮ್ಮ ಮುಖ ಹಿಂಗ್ ಮಾಡ್ಕೊಂಡಿದೀಯ?" ಎಂದರು ಅತ್ತೆ.

"ಏನಿಲ್ಲ ಅತ್ತೆ."

ಫ್ಲಾಪಿಯ ಕವರಿನಲ್ಲಿ ಒಂದು ಸೀಳು ಇರುತ್ತದೆ. ಅದರೊಳಗೆ ಪುಡಿ ಬಿದ್ದಿದ್ದರೆ...

23, ಬುಧವಾರ. ಸಂಜೆ

ಬಿದ್ದಿತ್ತು. ಎಷ್ಟು ಸಲ ಹಾಕಿದರೂ ಎರರ್. ಅಯ್ಯೋ ಶಿವನೇ! ಸಾಹೇಬರು ಬರುವುದಿದ್ದದ್ದು ಮಧ್ಯಾಹ್ನ. ಉಳಿದದ್ದು ಪ್ರಿಂಟ್ ತೆಗೆದಿಟ್ಟ ಕಾಗದ ಮಾತ್ರ. ಅದನ್ನೇ ನೋಡಿಕೊಂಡು ಮೊದಲಿನಿಂದ ಟೈಪ್ ಮಾಡಿದೆ. ನೀರೂ ಕುಡಿಯಲಿಲ್ಲ.

ಓಡಿತು! ಸಾಹೇಬರು ಚಪ್ಪಾಳೆ ತಟ್ಟಿದರು. ಪರಮಶಿವಯ್ಯನವರು ಬೀಗಿದರು. ಇಡೀ ಪ್ರೋಗ್ರಾಂ ಬೆಳಗ್ಗೆಯಿಂದ ಇವರೊಬ್ಬರೇ ಟೈಪ್ ಮಾಡಿದ್ದು, ಈ ಸ್ಪೀಡ್ ನಮ್ಮಲ್ಲಿ ಬೇರೆ ಯಾರಿಗೂ ಇಲ್ಲ ಎಂದರು. ಬರೆದವಳೂ ಇವಳೇ ಎಂದು ಈಗ ಹೇಳುತ್ತಾರೆ, ಈಗ ಹೇಳುತ್ತಾರೆ... ಕಾದೆ. ಹೇಳಲಿಲ್ಲ.

ಇಂಥವರನ್ನು ಡೇಟಾ ಎಂಟ್ರಿಯಿಂದ ಕದಲಿಸಲೇಬೇಡಿ ಎಂದರು ಸಾಹೇಬರು. ಎಲ್ಲರೂ ಕಂಗ್ರಾಟ್ಸ್ ಹೇಳಿದರು. ನಾನೂ ಹಲ್ಲು ಕಿರಿದು ಥ್ಯಾಂಕ್ಸ್ ಎಂದೆ. ಥೂ, ನನ್ನ ಬಾಯಿಗೆ ಏನು ಬಂದಿತ್ತು!

24, ಗುರುವಾರ. ಬೆಳಿಗ್ಗೆ

ಸಾಹೇಬರು ಊಟಕ್ಕೆ ಮುಂಚೆ ಏರ್‌ಪೋರ್ಟಿಗೆ ಹೊರಡುತ್ತಾರಂತೆ. ಕ್ಯಾಬಿನ್ನಿನ ಹೊರಗೆ ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ.

ಪರಮಶಿವಯ್ಯನವರು ನೋಡಿ, "ಇಲ್ಲ್ಯಾಕೆ ಕೂತಿದೀರಿ? ಎಂಟ್ರಿ ರಾಶಿ ಬಿದ್ದಿದೆ, ನಡೀರಿ" ಎಂದರು.

"ಬರ್ತೀನಿ ಸಾರ್. ಸಾಹೇಬ್ರ ಹತ್ರ ಒಂದ್ ಮಾತಿದೆ."

ಮುಖ ಕೆಂಪಗಾಯಿತು ಅವರದ್ದು. ಆಗಲಿ. ಇಂಗ್ಲಿಷಿನಲ್ಲೇ ಹೇಳಬೇಕು. ಐ ಡಿಡ್ ನಾಟ್ ಓನ್ಲಿ ಟೈಪ್ ಸಾರ್... ಸರಿಯೇ ಇದು? ತಪ್ಪಾದರೆ ನಗುತ್ತಾರೆ. ನಗಲಿ. ಸಾಹೇಬರು ಬಾಗಿಲು ತೆಗೆದರು. ಐ ವ್ರೋಟ್ —