ನಾಲ್ಕನೇ ಜಾಗದ ಹೂ

ಹಳೇಬೀಡು
೧೧ ನವೆಂಬರ್ ೨೦೨೫, ಮಂಗಳವಾರ

ಸ್ವಸ್ತಿ ಶ್ರೀಮನ್ಮಹಾಮೊಬೈಲಮಂಡಲೇಶ್ವರ, ಗಂಡಸಿಪುರವರಾಧೀಶ್ವರ, ಪುಣೆಗೊಂಡ, ಹೈದರಾಬಾದುಗೊಂಡ, ದೆಹಲಿಯನ್ನು ಸೆಮಿಫೈನಲಿನಲ್ಲಿ ಸ್ವಲ್ಪದರಲ್ಲೇ ಕಳೆದುಕೊಂಡ, ಹೆಬ್ಬೆರಳಭೈರವ, ಚಾರ್ಜರಚಕ್ರವರ್ತಿ, ‘ಕೊಬ್ಬರಿಕಿಂಗ್’ ಎಂಬ ಬಿರುದಾಂಕಿತರಾದ ಶ್ರೀ ಮಧುಕುಮಾರದೇವರು ಪುಣೆಯ ನೆಲೆವೀಡಿನೊಳ್ ಸುಖಸಂಕಥಾವಿನೋದದಿಂ ರಾಜ್ಯಂಗೆಯ್ಯುತ್ತಿರಲು, ಹಳೇಬೀಡು ಬಸ್ ನಿಲ್ದಾಣದ ಎದುರಿನ ಮೊಬೈಲ್ ರಿಪೇರಿ ಅಂಗಡಿಯ ಶಶಿಧರನು ನೆಲಕ್ಕೆ ಹಣೆ ತಾಗಿಸಿ ಮಾಡುವ ವಿಜ್ಞಾಪನೆ.

ಇದೇನು ಹೊಸ ರೋಗ ಎನ್ನಬೇಡ. ದೇವಸ್ಥಾನದ ಗೈಡುಗಳು ಟೀ ಕುಡಿಯಲು ಬಂದಾಗ ಶಾಸನಗಳನ್ನು ನನ್ನ ಅಂಗಡಿ ಮುಂದೆಯೇ ಉರು ಹೊಡೆಯುತ್ತಾರೆ. ಕಿವಿಗೆ ಅಂಟಿಕೊಂಡುಬಿಟ್ಟಿದೆ.

ಮಧು, ತಡವಾಯಿತು, ಕ್ಷಮಿಸು. ನೀನು ‘ಲಾಸ್ಟ್ ಕೋಟೆ’ ಮೊಬೈಲ್ ಆಟದಿಂದ ನಿವೃತ್ತಿ ಎಂದು ಘೋಷಿಸಿ ಮೂರು ವಾರವಾಯಿತು. ಊರಿಗೆ ಊರೇ ನಿನಗೆ ಅಳುವ ಮುಖ, ಒಡೆದ ಹೃದಯ ಕಳಿಸಿತು. ನಾನೊಬ್ಬ ಕಳಿಸಲಿಲ್ಲ. ನಾಲ್ಕು ಸಲ ಟೈಪ್ ಮಾಡಿದೆ, ನಾಲ್ಕು ಸಲ ಅಳಿಸಿದೆ. ಕೊನೆಗೆ ಪಕ್ಕದ ಅಂಗಡಿಯಿಂದ ಗೀಟು ಹಾಕಿದ ಹಾಳೆ ತಂದು ಕೂತಿದ್ದೇನೆ. ಅಂಚೆ ಡಬ್ಬಕ್ಕೆ ಹಾಕಿದ್ದನ್ನು ಅಳಿಸುವ ಬಟನ್ ಇನ್ನೂ ಯಾರೂ ಕಂಡುಹಿಡಿದಿಲ್ಲ, ಅದಕ್ಕೆ.

ಊರಿನ ಸುದ್ದಿ ಕೇಳು. ಗಂಡಸಿ ಕಡೆ ನಿನ್ನ ನಿವೃತ್ತಿ ಯಾರಿಗೂ ಅರ್ಥವಾಗಿಲ್ಲ. ಭಾನುವಾರ ನಿಮ್ಮ ಮನೆಗೆ ಹೋಗಿದ್ದೆ. ನಿಮ್ಮಪ್ಪ ಕೆಂಚಪ್ಪನವರು ಕಾಯಿ ಸುಲಿಯುತ್ತಿದ್ದವರು ನನ್ನನ್ನು ಕಂಡು ನಿಲ್ಲಿಸಿದರು.

“ಏನ್ಲಾ ಶಶಿ, ಇಪ್ಪತ್ತೈದು ವರ್ಸಕ್ಕೇ ರಿಟೈರಂತೆ? ನಮ್ ಪುಟ್ಟಯ್ಯ ಅರವತ್ತರಗಂಟ ಬಸ್ ಓಡುಸ್ದ. ಇವನ್ಗೆ ಪಿಂಚಣಿ ಬತ್ತದಾ?”

ನಾನು ಮುಖವನ್ನು ತಹಶೀಲ್ದಾರರ ಹಾಗೆ ಮಾಡಿಕೊಂಡು, “ಅವನಿಗೆ ಬರಲ್ಲ ಮಾವ, ಅವನ ಹೆಬ್ಬೆರಳಿಗೆ ಬರುತ್ತೆ. ಬೆರಳು ಬದುಕಿದೆ ಅಂತ ವರ್ಷಕ್ಕೊಂದು ಸಲ ಊರಿನ ಐದು ಜನ ಮುಟ್ಟಿ ನೋಡಿ ಸೈನ್ ಹಾಕಬೇಕು,” ಎಂದೆ.

ಸಂಜೆಯೊಳಗೆ ಅದು ಟೀ ಅಂಗಡಿ ತಲುಪಿದೆ. ನೀನು ಬಸ್ಸಿಳಿದ ತಕ್ಷಣ ಯಾರಾದರೂ ಬಂದು ಹೆಬ್ಬೆರಳು ಹಿಡಿದುಕೊಂಡರೆ ಗಾಬರಿಯಾಗಬೇಡ, ಸಹಕರಿಸು.

ಮಾದಮ್ಮತ್ತೆ ಒಳಗಿಂದ ಫೋನ್ ತಂದರು. ನಿನ್ನ ಹಳೇ ಪಂದ್ಯ. “ಇದ್ರಲ್ಲಿ ನನ್ ಮಗ ಯಾವನು ತೋರ್ಸೋ,” ಎಂದರು. ಹಸಿರು ಟೋಪಿಯವನು ಎಂದೆ. ಕಣ್ಣು ಕಿರಿದು ಮಾಡಿ ನೋಡಿದರು. “ಅಯ್ಯೋ, ಬಿದ್ದೋದ್ನಲ್ಲಪ್ಪ!”

“ಅದು ಸುಳ್ಳು ಸಾವು ಅತ್ತೆ. ಮುಂದಿನ ಆಟಕ್ಕೆ ಮತ್ತೆ ಎದ್ದು ಬರ್ತಾನೆ.”

“ಸುಳ್ಳಾದ್ರೂ ಎತ್ತಕ್ಕೆ ಒಬ್ರೂ ಬರ್ನಿಲ್ವಲ್ಲೋ,” ಎಂದರು. ಆಮೇಲೆ ಹಸಿರು ಸೀರೆ ತಂದು ತೋರಿಸಿದರು. ಮುಂದಿನ ಮಂಗಳವಾರ, ಹದಿನೆಂಟಕ್ಕೆ, ನೀನು ಬಂದವನೇ ಊರಮ್ಮನಿಗೆ ಒಪ್ಪಿಸಬೇಕಾದ ಸೀರೆಯಂತೆ. “ಅಮ್ಮ ಅವತ್ತು ಬಲಗಡೆ ಹೂ ಕೊಡ್ದೆ ಇದ್ದಿದ್ರೆ ನನ್ ಮಗ ಎಲ್ಲಿರ್ತಿದ್ದ?” ಎಂದವರು ನನ್ನ ಮುಖ ನೋಡಿ ದನಿ ತಗ್ಗಿಸಿದರು. “ನೀನ್ ಬೇಜಾರ್ ಮಾಡ್ಕಬ್ಯಾಡ ಕಣಪ್ಪ.”

“ಬೇಜಾರಿಲ್ಲ ಅತ್ತೆ, ಬರೀ ಹೊಟ್ಟೆಕಿಚ್ಚು,” ಎಂದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ನಿಜ ಹೇಳಿದಾಗಲೆಲ್ಲ ಜನ ನಗುತ್ತಾರೆ. ಇಷ್ಟು ವರ್ಷ ನನ್ನನ್ನು ಕಾಪಾಡಿರುವುದು ಅದೇ.

ಆದರೆ ನಿನಗೆ ಬಿಡಿಸಿ ಹೇಳುತ್ತೇನೆ, ನಗದೆ ಓದು. ಅರಸೀಕೆರೆಯಲ್ಲಿ ಒಂದು ಆಟೋ ಹಿಂದೆ ನಿನ್ನ ಮುಖ ಇದೆ. ಸಿಗ್ನಲ್ಲಿನಲ್ಲಿ ಅದರ ಹಿಂದೆಯೇ ನನ್ನ ಬೈಕು ನಿಲ್ಲಬೇಕೇ? ಪೂರಾ ಒಂದು ನಿಮಿಷ ನೀನು ನನ್ನನ್ನು ನೋಡಿ ಹಲ್ಲು ಬಿಟ್ಟೆ. ನೀನು ಕೂತು ಆಡುವ ಆ ತಿರುಗುವ ಕುರ್ಚಿಯ ಮೇಲೆ ನನಗೆ ಹೊಟ್ಟೆಕಿಚ್ಚು. ಹೆಬ್ಬೆರಳ ನರ ಊದಿಕೊಂಡಿದೆ ಎಂದು ಡಾಕ್ಟರು ನಿನಗೆ ಹಾಕಿದ ಆ ಕಪ್ಪು ಪಟ್ಟಿ ಇದೆಯಲ್ಲ, ಅದರ ಮೇಲೂ. ನನ್ನ ಬೆರಳಿಗೆ ನೋವು ಬರುವುದು ಸ್ಕ್ರೂಡ್ರೈವರ್ ಜಾರಿದಾಗ ಮಾತ್ರ, ಅದರ ಸುದ್ದಿ ಯಾರೂ ಹಾಕುವುದಿಲ್ಲ. ಈಗ ನಿವೃತ್ತಿಯ ಮೇಲೂ ಶುರುವಾಗಿದೆ. ಬಿಡಬೇಕೆಂದರೂ ಏನಾದರೂ ಹಿಡಿದಿರಬೇಕಲ್ಲ ಮಾರಾಯ.

ಎಲ್ಲಕ್ಕಿಂತ ಉರಿಸಿದ್ದು ರಾಗಿಹಿಟ್ಟು. ಹೋದ ತಿಂಗಳು ನಾಸಿಕ್‌ನ ಇಬ್ಬರು ಹುಡುಗರು ಒಡೆದ ಸ್ಕ್ರೀನು ಹಿಡಿದು ಬಂದರು. ನನ್ನ ಮೇಜಿನ ಮೇಲಿದ್ದ ಹಿಟ್ಟಿನ ಡಬ್ಬಿ ನೋಡಿ ಹಿಂದಿಯಲ್ಲಿ, “ಇದು ಕೊಬ್ಬರಿಕಿಂಗ್ ಕಂಡುಹಿಡಿದ ಪುಡಿ ಅಲ್ವಾ?” ಎಂದರು. ಯಾರು ಕಂಡುಹಿಡಿದದ್ದು ಮಧು? ಸಿಗ್ನಲ್ ಚೆನ್ನಾಗಿ ಸಿಗುತ್ತದೆ ಎಂದು ಮಾಲೇಕಲ್ಲು ಬೆಟ್ಟದ ಮೆಟ್ಟಿಲ ಮೇಲೆ ಕೂತು ಆಡುತ್ತಿದ್ದೆವು, ಬೆವರಿಗೆ ಬೆರಳು ಜಾರುತ್ತಿತ್ತು. ಮಿಲ್ಲಿನಿಂದ ತಂದಿದ್ದ ಚೀಲಕ್ಕೆ ಹೆಬ್ಬೆರಳು ಅದ್ದಿದವನು ನಾನು. ನೀನು ನೋಡಿ ಕಲಿತೆ, ಈಗ ಜಗತ್ತು ನಿನ್ನನ್ನು ನೋಡಿ ಕಲಿಯಿತು. ಆ ಹುಡುಗರಿಗೆ, ಮೂಗಿನ ತುದಿಗೂ ಹಚ್ಚಿಕೊಂಡರೆ ಗುರಿ ತಪ್ಪುವುದಿಲ್ಲ ಎಂದು ಹೇಳಿ ಕಳಿಸಿದೆ. ಇಬ್ಬರೂ ಮೂಗಿಗೆ ಹಿಟ್ಟು ಮೆತ್ತಿಕೊಂಡೇ ಹೊಯ್ಸಳೇಶ್ವರನ ದರ್ಶನ ಮಾಡಿದರು. ಅಷ್ಟಕ್ಕೆ ಸ್ವಲ್ಪ ತಣ್ಣಗಾದೆ.

ನಿನ್ನ ನಿವೃತ್ತಿಯ ವಿಡಿಯೋ ನೋಡಿದೆ. ಒಂದೇ ಸಲ ನೋಡಿದೆ ಎಂದು ಬರೆಯೋಣವೆಂದುಕೊಂಡೆ. ಹನ್ನೊಂದು ಸಲ ನೋಡಿದ್ದೇನೆ. ಹದಿನಾರು ತಂಡಗಳ ಟೂರ್ನಿ, ಎಂಟು ತಂಡ ಆಡಿ ಬರಬೇಕು, ಎಂಟು ತಂಡಕ್ಕೆ ಆಡದಿದ್ದರೂ ಕರೆದು ಜಾಗ ಕೊಡುತ್ತಾರೆ. ನೀವು ಆಡಿ ಗೆದ್ದ ಎಂಟನೇ ಜಾಗವನ್ನು, ಬೆಂಬಲಿಗರು ಹೆಚ್ಚು ಎಂಬ ಕಾರಣಕ್ಕೆ, ಒಂದು ಪಂದ್ಯವನ್ನೂ ಆಡದ ತಂಡಕ್ಕೆ ಕೊಟ್ಟು, ನಿಮಗೆ ಇನ್ನೊಮ್ಮೆ ಆಡಿ ಬನ್ನಿ ಎಂದರು. ನೀನು ಆಡುವುದಿಲ್ಲ ಎಂದೆ. ಅದು ಅನ್ಯಾಯವೇ, ನನ್ನ ಹೊಟ್ಟೆಕಿಚ್ಚು ಕೂಡ ಒಪ್ಪುತ್ತದೆ. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತಲ್ಲ ಮಹಾರಾಯ! ನೀನು ಮುಂದುವರಿಸಿದೆ.

“ನಮ್ಮೂರಲ್ಲಿ ತಂಡದ ನಾಲ್ಕನೇ ಜಾಗಕ್ಕೆ ನಾವು ಇಬ್ರು ಗೆಳೆಯರಿದ್ವಿ. ಅಮ್ಮನ ಮುಂದೆ ಹೂ ಕೇಳಿದ್ವಿ. ಸೋತವನು ಒಂದು ಮಾತು ಆಡ್ಲಿಲ್ಲ. ಅರಸೀಕೆರೆ ಜಂಕ್ಷನ್‌ವರೆಗೆ ನನ್ನ ಬ್ಯಾಗ್ ಹೊತ್ತು ರೈಲು ಹತ್ತಿಸ್ದ. ನ್ಯಾಯ ಅಂದ್ರೆ ನನಗೆ ಗೊತ್ತಿರೋದು ಅದೊಂದೇ.”

ಲಕ್ಷಾಂತರ ಜನರ ಮುಂದೆ ಹೀಗೆ ಹೇಳುವ ಮೊದಲು ನನ್ನನ್ನು ಒಂದು ಮಾತು ಕೇಳಬಾರದಿತ್ತೇ?

ಆ ದಿನ ನಿನಗೆ ನೆನಪಿದೆಯೋ ಇಲ್ಲವೋ, ನನಗೆ ಚೆನ್ನಾಗಿ ನೆನಪಿದೆ. ಆರು ವರ್ಷದ ಹಿಂದೆ. ನಾಯಕಿ ಭವ್ಯಾ ನಮ್ಮಿಬ್ಬರ ಹತ್ತು ಆಟದ ಅಂಕ ಕೂಡಿಸಿ, “ಇಬ್ರೂ ಸಮ ಕಣ್ರೋ, ನಂಗೆ ಪಾಪ ಕಟ್ಬೇಡಿ,” ಎಂದು ಕೈ ಎತ್ತಿದಳು. ಅಮ್ಮನನ್ನೇ ಕೇಳಿ ಎಂದವರು ನಿಮ್ಮಮ್ಮ. ಗುಡಿಯ ಪೂಜಾರಿ ನನ್ನ ತಾತ ಸಣ್ಣಯ್ಯ. ಅಮ್ಮನ ಎರಡು ಭುಜಕ್ಕೂ ಒದ್ದೆ ಮಾಡಿದ ಕಣಗಿಲೆ ಹೂ ಅಂಟಿಸುವುದು, ಬಲದ್ದು ಬಿದ್ದರೆ ನೀನು, ಎಡದ್ದು ಬಿದ್ದರೆ ನಾನು. ಹೂವಿನ ತಟ್ಟೆ ಹಿಡಿದವನು ನಾನು, ಅದಕ್ಕೇ ನೋಡಲು ಬಂದಿದ್ದ ಊರಿನ ಸಿದ್ದಬಸಪ್ಪ ಗೊಣಗಿದ್ದ: “ಪೂಜಾರಿ ಮೊಮ್ಮಗ ಒಳಗವ್ನೆ, ಏನ್ ಕಿತಾಪತಿ ಮಾಡ್ತಾನೋ.” ಬಲಗಡೆ ಹೂ ಬಿದ್ದಾಗ ಅವನೇ ಕೆನ್ನೆ ಬಡಿದುಕೊಂಡ. “ಸ್ವಂತ ಮೊಮ್ಮಗನ್ಗೇ ಕೊಡ್ನಿಲ್ಲ ಅಂದ್ಮೇಲೆ ಅಮ್ಮ ಸತ್ಯ ಕಣ್ರಪ್ಪ!” ತಾತ ಇವತ್ತಿಗೂ ಆ ಮಾತನ್ನು ಹೇಳಿಕೊಂಡು ಹಿಗ್ಗುತ್ತಾನೆ.

ನೀನು ಹೋದೆ, ಆಡಿದೆ, ದೊಡ್ಡ ತಂಡದವರು ನಿನ್ನನ್ನು ಕಂಡರು. ನಾನು ಆರು ವರ್ಷದಿಂದ ಕೇಳಿದವರಿಗೂ ಕೇಳದವರಿಗೂ ಒಂದೇ ಕಥೆ ಹೇಳುತ್ತಿದ್ದೇನೆ: ಅವತ್ತು ಗುಡಿಯಲ್ಲಿ ಟೇಬಲ್ ಫ್ಯಾನ್ ಬಲಗಡೆಗೆ ತಿರುಗಿತ್ತು, ಗಾಳಿಗೆ ಹೂ ಬಿತ್ತು, ಇಲ್ಲದಿದ್ದರೆ ಆಟೋ ಹಿಂದೆ ಇರಬೇಕಾಗಿದ್ದ ಮುಖ ನನ್ನದು. ಬೇಲೂರಿನಿಂದ ಜಾವಗಲ್‌ವರೆಗೆ ಈ ಕಥೆ ಕೇಳದ ಗಿರಾಕಿ ಇಲ್ಲ.

ಆಯಿತು, ಹಾಳೆ ಮುಗಿಯುತ್ತಿದೆ. ಬೆರಳಿಗೆ ಎಣ್ಣೆ ಹಚ್ಚಿಕೋ. ಊಟ ಬಿಡಬೇಡ. ಊರಮ್ಮ ನಿನ್ನನ್ನು, ನಿನ್ನ ನರವನ್ನು, ನಿನ್ನ ಮುಂದಿನ ಕೆಲಸವನ್ನು ಕಾಯಲಿ. ಪಿಂಚಣಿ ವಿಷಯ ನಿಮ್ಮಪ್ಪನಿಗೆ ನೀನೇ ಬಿಡಿಸಿ ಹೇಳು, ನನ್ನ ಹತ್ತಿರ ಮುಖ ಇಲ್ಲ.

ಇಂತಿ,
ಫ್ಯಾನಿನ ಗಾಳಿಗೆ ರಾಜ್ಯ ಕಳೆದುಕೊಂಡ,
ಶಶಿಧರ

ವಿ.ಸೂ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಸೀರೆ ಒಪ್ಪಿಸುವ ಮೊದಲು ಇದು ನಿನಗೆ ಗೊತ್ತಿರಬೇಕು.

ಗುಡಿಯಲ್ಲಿ ಅವತ್ತು ಫ್ಯಾನ್ ಇರಲಿಲ್ಲ. ತಾತ ಬಲದ ಹೂ ಕೇಳಿದ, ಕೊಟ್ಟೆ. ಎಡದ್ದು ಕೊಡುವ ಮೊದಲು ಹೆಬ್ಬೆರಳಿನಲ್ಲಿದ್ದ ರಾಗಿಹಿಟ್ಟನ್ನು ನೀರಲ್ಲಿ ಕಲಸಿ ಅದರ ಬೆನ್ನಿಗೆ ಬಳಿದೆ. ನನ್ನ ಹೂ ಬೀಳದಿರಲಿ ಎಂದು.

ತ್ಯಾಗ ಗೀಗ ಎಂದು ಕಣ್ಣು ಒದ್ದೆ ಮಾಡಿಕೊಳ್ಳಬೇಡ. ಅದಕ್ಕೆ ಒಂದು ವಾರ ಮೊದಲು ಅರಸೀಕೆರೆಯ ಮೊಬೈಲ್ ಅಂಗಡಿಯ ಓಪನಿಂಗಿಗೆ ಆಡಲು ಹೋಗಿದ್ದೆವಲ್ಲ, ಬೆನ್ನ ಹಿಂದೆ ಮೂವತ್ತು ಜನ ನಿಂತಿದ್ದರು. ನನ್ನ ಫೋನ್ ಹ್ಯಾಂಗ್ ಆಯಿತು ಎಂದೆ. ನೀನು ನಂಬಿ ನಿನ್ನ ಫೋನ್ ಕೊಟ್ಟೆ. ನನ್ನ ಫೋನ್ ಚೆನ್ನಾಗಿಯೇ ಇತ್ತು. ಬೆರಳು ನಡುಗುತ್ತಿತ್ತು. ಹಿಟ್ಟು ಹಚ್ಚಿದರೆ ಬೆವರು ನಿಲ್ಲುತ್ತದೆ, ನಡುಕ ನಿಲ್ಲುವುದಿಲ್ಲ. ಟೂರ್ನಿಯಲ್ಲಿ ಎಲ್ಲರ ಮುಂದೆ ಸೋಲುವುದಕ್ಕಿಂತ ಅಮ್ಮನೇ ಕೊಡಲಿಲ್ಲ ಎನ್ನಿಸಿಕೊಳ್ಳುವುದು ಸುಲಭ ಅನ್ನಿಸಿತು. ಬ್ಯಾಗ್ ಹೊತ್ತಿದ್ದು ನೀನು ಬೇಗ ರೈಲು ಹತ್ತಲಿ ಎಂದು.

ಹಾಗಾಗಿ ನೀನೂ ಕರೆದು ಕೊಟ್ಟ ಜಾಗದಲ್ಲೇ ಹೋದವನು ಕಣೋ. ಕೊಟ್ಟವನು ನಾನು. ತಾತನಿಗೆ ಹೇಳುವುದೋ ಬಿಡುವುದೋ ನಿನಗೆ ಬಿಟ್ಟದ್ದು.

ಇನ್ನೊಂದು ಇದೆ, ಇದನ್ನು ಊರಮ್ಮನಿಗೂ ಹೇಳಿಲ್ಲ. ಅವತ್ತು ಎಲ್ಲರೂ ಕಣ್ಣು ಮುಚ್ಚಿ ಕೈಮುಗಿದಿದ್ದಿರಿ. ನಾನು ಕಣ್ಣು ಬಿಟ್ಟಿದ್ದೆ. ಬಲಗಡೆಯ ಹೂ ಬೀಳುವುದಕ್ಕೆ ಮೊದಲು ಎಡಗಡೆಯದು ಅಲ್ಲಾಡಿತು. ಅರ್ಧ ಕಳಚಿ, ಹಿಟ್ಟಿಗೆ ಅಂಟಿ, ನಿಂತಿತು.