ದೀಪಕ್ಕೆ ಬೆನ್ನು ತಿರುಗಿಸಿದ ಹಡಗು

ಯುದ್ಧ ನಿಂತ ಮರುವರ್ಷ, ಮಾರ್ಚ್ ಹದಿನಾಲ್ಕು
ಲಂಗರು ಹಾಕಿ ನಿಂತ ಹಡಗಿನಿಂದ, ಬೆಳಗ್ಗೆ

ನನ್ನ ಜಗಳಗಂಟಿಗೆ,

ಆಶೀರ್ವಾದ, ನಮಸ್ಕಾರ ಎರಡನ್ನೂ ಕಳಿಸುತ್ತಿದ್ದೇನೆ. ಯಾವುದು ಬೇಕೋ ಇಟ್ಟುಕೊಂಡು ಇನ್ನೊಂದನ್ನು ನನ್ನ ಮುಖಕ್ಕೆ ಎಸೆ. ಹೊರಡುವ ದಿನ ಬಾಗಿಲಲ್ಲಿ ನಿಂತು ನೀನು ಅಂದದ್ದು ಇನ್ನೂ ಕಿವಿಯಲ್ಲಿದೆ. "ನೀವು ಎಲ್ಲಾದ್ರೂ ಹಾಳಾಗಿ ಹೋಗಿ, ನನ್ನ ತಮ್ಮನ್ನ ಮಾತ್ರ ನೆಟ್ಟಗೆ ಮನೆಗೆ ಕರ್ಕೊಂಡು ಬನ್ನಿ" ಅಂದೆ. ನಾನು ಪೆಟ್ಟಿಗೆ ಎತ್ತಿಕೊಂಡು ಬಂದುಬಿಟ್ಟೆ. ಉತ್ತರ ಕೊಡಬೇಕಿತ್ತು. ಈಗ ಕೊಡುತ್ತಿದ್ದೇನೆ, ಪೂರ್ತಿ ಓದು. ಮಧ್ಯದಲ್ಲಿ ಒಲೆ ಮೇಲೆ ಹಾಲಿದೆ ಅಂತ ಎದ್ದು ಹೋಗಬೇಡ.

ಸುತ್ತಿ ಬಳಸಿ ಹೇಳುವುದಿಲ್ಲ. ನಾವು ಇರಬಾರದ ಜಾಗದಲ್ಲಿದ್ದೇವೆ. ಯುದ್ಧದಲ್ಲಿ ಎರಡೂ ಕಡೆಯವರು ಈ ಸಮುದ್ರದ ತುಂಬ, ಹಡಗು ತಾಗಿದರೆ ಒಡೆಯುವ ಸಿಡಿಗುಂಡು ಹುದುಗಿಸಿಟ್ಟರು. ಯುದ್ಧ ಮುಗಿಯಿತು, ದೊಡ್ಡವರು ಕೈಕುಲುಕಿದರು, ಸಿಡಿಗುಂಡುಗಳಿಗೆ ಮಾತ್ರ ಯಾರೂ ಸುದ್ದಿ ಮುಟ್ಟಿಸಲಿಲ್ಲ. ಅವನ್ನು ತೆಗೆಯುವ ದೋಣಿಗಳು ಈವರೆಗೆ ಮಧ್ಯೆ ಓಣಿಯಷ್ಟು ದಾರಿಯನ್ನು ಚೊಕ್ಕ ಮಾಡಿ, ಎರಡೂ ಅಂಚಿಗೆ ಕೆಂಪು ಪೀಪಾಯಿಗಳನ್ನು ತೇಲಿಬಿಟ್ಟಿವೆ. ಪೀಪಾಯಿಗಳ ನಡುವೆ ಇದ್ದರೆ ಬದುಕಿದೆವು, ಆಚೆ ಹೋದರೆ ದೇವರೇ ಗತಿ. ನಾವು ಆಚೆ ಇದ್ದೇವೆ. ತಂದು ನಿಲ್ಲಿಸಿದವನು ನಾನು.

ನಿನ್ನೆ ಕತ್ತಲಾಗುವ ಹೊತ್ತಿಗೆ ಎದುರಿಗೆ, ನೀರಿಗೆ ಅಂಟಿದಂತೆ, ಒಂದು ದೀಪ ಕಾಣಿಸಿತು. ಯುದ್ಧದ ಅಷ್ಟೂ ವರ್ಷ ನಮಗಿದ್ದದ್ದು ಒಂದೇ ಪಾಠ. ದೀಪ ಕಂಡರೆ ಅದಕ್ಕೆ ಬೆನ್ನು ಹಾಕಿ ಓಡು, ಯಾರದು ಅಂತ ಆಮೇಲೆ ಕೇಳು. ನಾನು ಯೋಚಿಸುವ ಮೊದಲೇ ಬಾಯಿಂದ ಆಜ್ಞೆ ಹೊರಬಿದ್ದಿತ್ತು. ಚುಕ್ಕಾಣಿ ಹಿಡಿದವನೂ ಯುದ್ಧಕಾಲದ ಆಸಾಮಿ, ಕೇಳಿದ್ದೇ ತಡ ತಿರುಗಿಸಿದ. ಕಾವಲು ನಿಂತಿದ್ದವನು ಯಾರೂ ಹೇಳದೆಯೇ ಹೋಗಿ ಹಡಗಿನ ದೀಪಗಳನ್ನೆಲ್ಲ ಆರಿಸಿ ಬಂದ. ಏನು ಅಚ್ಚುಕಟ್ಟು ಅಂತೀಯಾ! ಯುದ್ಧ ಮುಗಿದದ್ದು ನಮ್ಮಲ್ಲಿ ಒಬ್ಬನಿಗಾದರೂ ನೆನಪಾಗಬೇಕಲ್ಲ. ಆ ದೀಪ ಒಬ್ಬ ಮೀನುಗಾರನದು. ಪಾಪ, ತನ್ನ ಪಾಡಿಗೆ ಬಲೆ ಬಿಟ್ಟುಕೊಂಡು ಕೂತಿದ್ದ.

ನನ್ನ ಕೈಕೆಳಗಿನ ಅಧಿಕಾರಿ, ನಾವು ಮೇಟ್ ಅನ್ನುತ್ತೇವೆ, ಊಟ ಬಿಟ್ಟು ಎಂಜಲು ಕೈಯಲ್ಲೇ ಓಡಿಬಂದ. "ಸಾರ್, ಬಲಗಡೆ ಇರ್ಬೇಕಾದ ಪೀಪಾಯಿ ಎಡಗಡೆ ಇದೆ" ಎಂದ. ಅಂದರೆ ಅಂಚು ದಾಟಿ ಆಗಿತ್ತು. ಎಂಜಿನ್ ನಿಲ್ಲಿಸಿ, ಲಂಗರನ್ನು ಮಲಗಿದ ಕೂಸನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಸದ್ದಿಲ್ಲದೆ ಇಳಿಸಿದೆವು. ಆಮೇಲಿಂದ ಈ ಹಡಗಿನಲ್ಲಿ ಯಾರೂ ಬಾಗಿಲನ್ನು ಜೋರಾಗಿ ಹಾಕಿಲ್ಲ. ಅಡಿಗೆಯವನು ಸೌಟನ್ನು ಬಟ್ಟೆಯಲ್ಲಿ ಸುತ್ತಿಟ್ಟಿದ್ದಾನೆ. ಅದರಿಂದ ಏನೂ ಪ್ರಯೋಜನವಿಲ್ಲ ಅಂತ ಅವನಿಗೂ ಗೊತ್ತು, ನನಗೂ ಗೊತ್ತು, ಆದರೂ ಸುಮ್ಮನಿದ್ದೇನೆ.

ರಜೆಯಲ್ಲಿ ದಿನಾ ಸಂಜೆ, ದೀಪ ಹೊರಗೆ ಕಾಣದ ಹಾಗೆ ಕಿಟಕಿಗೆ ಕಂಬಳಿ ಕಟ್ಟುತ್ತಿದ್ದೆನಲ್ಲ, ಥಂಡಿ ಗಾಳಿ ಅಂತ ನೆಪ ಹೇಳುತ್ತಿದ್ದೆ. ನೀನು ಅದನ್ನು ಕಿತ್ತೆಸೆದು, ಸೆಕೆಗಾಲದಲ್ಲಿ ಯಾವ ಥಂಡಿ ರೀ ಅಂತ ರೇಗಿದ್ದೆ. ದಡದ ಮೇಲೆ ಏನಾದರೂ ಕೆಲಸ ನೋಡಿಕೊಳ್ಳಿ ಅಂದದ್ದೂ ಅವತ್ತೇ. ನನ್ನನ್ನು ಕೈಲಾಗದವನು ಅನ್ನುತ್ತಿದ್ದೀಯ ಅಂದುಕೊಂಡು ಎಂಟು ದಿನ ಮುಖ ಗಂಟು ಹಾಕಿಕೊಂಡಿದ್ದೆ. ನೀನು ಕಂಡದ್ದು ನನಗೆ ಕಂಡಿರಲಿಲ್ಲ, ಮಾರಾಯ್ತಿ.

ಸಿಡಿಗುಂಡು ತೆಗೆಯುವ ದೋಣಿಗಳನ್ನು ವೈರ್‌ಲೆಸ್‌ನಲ್ಲಿ ಕೇಳಿದೆವು. ಅವು ಬೇರೆಲ್ಲೋ ಕೆಲಸದಲ್ಲಿವೆ, ಬರಲು ನಾಲ್ಕೈದು ದಿನವಾದರೂ ಬೇಕಂತೆ. ಕಾಯಬಹುದಿತ್ತು. ಆದರೆ ಬೆಳಗಿನಿಂದ ಗಾಳಿ ಎದ್ದಿದೆ, ಲಂಗರು ನಿಲ್ಲುತ್ತಿಲ್ಲ. ಹಡಗು ಇನ್ನೂ ಆಚೆಗೆ, ಯಾರೂ ಗುಡಿಸದ ನೀರಿಗೆ, ಇಷ್ಟಿಷ್ಟೇ ಜಾರುತ್ತಿದೆ. ಮಧ್ಯಾಹ್ನದೊಳಗೆ ಹೊರಡಲೇಬೇಕು. ತಿರುಗಿಸಿಕೊಂಡು ಹೋಗೋಣವೆಂದರೆ ತಿರುಗುವುದಕ್ಕೆ ಅಗಲ ಬೇಕು, ಆ ಅಗಲದಲ್ಲಿ ಏನಿದೆಯೋ ಬಲ್ಲವರಿಲ್ಲ. ಹಾಗಾಗಿ ಬಂದ ಗೆರೆಯಲ್ಲೇ ಹಿಮ್ಮುಖವಾಗಿ ಹೋಗುವುದು. ಹಿಂದಕ್ಕೆ ಹೋಗುವ ಹಡಗು ಚುಕ್ಕಾಣಿಯ ಮಾತು ಕೇಳುವುದಿಲ್ಲ, ಗಳಿಗೆಗೊಮ್ಮೆ ಎಂಜಿನ್ ನಿಲ್ಲಿಸಿ, ತುಸು ಮುಂದೆ, ತುಸು ಹಿಂದೆ ಮಾಡಿ ರಮಿಸಬೇಕು.

ಇದನ್ನು ಮೇಟ್‌ಗೆ ವಹಿಸಿದ್ದೇನೆ. ಯುದ್ಧದುದ್ದಕ್ಕೂ ಅವನು ಬಂದರಿನೊಳಗೆ ಹಡಗುಗಳನ್ನು ಹಿಂದೆ ಮುಂದೆ ಸರಿಸುವ ಎಳೆದೋಣಿಯಲ್ಲಿದ್ದ. ಕೊಳದ ಬಾತುಕೋಳಿ ಅಂತ ನಾನು ಅವನನ್ನು ಗೇಲಿ ಮಾಡಿದ್ದು ನಿನಗೆ ಗೊತ್ತು. ಹಿಮ್ಮುಖ ಹೋಗುವುದರಲ್ಲಿ ಅವನ ಕೈ ಪಳಗಿದೆ, ದೀಪ ಕಂಡರೆ ಓಡುವ ರೋಗವೂ ಅವನಿಗಿಲ್ಲ. ನನ್ನ ಬಾಯನ್ನು ನಾನು ನಂಬುವ ಸ್ಥಿತಿಯಲ್ಲಿಲ್ಲ. ಎಲ್ಲರೆದುರು ಹಡಗನ್ನು ಅವನ ಕೈಗೆ ಒಪ್ಪಿಸಿದಾಗ ಅವನು ಬಿಳಿಚಿಕೊಂಡ. ನನಗೆ ಅವಮಾನ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ.

ಇನ್ನು ನಿನ್ನ ತಮ್ಮನ ವಿಷಯ. ಸಿಡಿಗುಂಡು ಸಿಡಿದರೆ ಮೊದಲು ಹೋಗುವುದು ಹಡಗಿನ ತಳದಲ್ಲಿರುವ ಎಂಜಿನ್ ಕೋಣೆ. ಹಾಗಾಗಿ ಎಲ್ಲರನ್ನೂ ಮೇಲೆ ದೋಣಿಗಳ ಪಕ್ಕ ನಿಲ್ಲಿಸುತ್ತೇನೆ. ಆದರೆ ಎಂಜಿನ್ ನಡೆಸಲು ಒಬ್ಬ, ಬೆಂಕಿಗೆ ಕಲ್ಲಿದ್ದಲು ಎಸೆಯಲು ಒಬ್ಬ, ಇಬ್ಬರಂತೂ ಕೆಳಗೆ ಬೇಕೇ ಬೇಕು. ಮೇಲಿನಿಂದ ಗಂಟೆ ಬಾರಿಸಿದ ಕೂಡಲೇ ಎಂಜಿನ್ ಹೇಳಿದಂತೆ ಕೇಳಬೇಕು, ಹಾಗೆ ಕೇಳಿಸುವ ಕೈ ಈ ಹಡಗಿನಲ್ಲಿ ನಿನ್ನ ತಮ್ಮನದು ಒಂದೇ. ನಾನು ಬಾಯಿ ತೆರೆಯುವ ಮುಂಚೆ "ಭಾವ, ನೀವು ಕೇಳೋದೂ ಬೇಡ, ನಾನು ಹೇಳೋದೂ ಬೇಡ" ಅಂತ ಅಂಗಿ ಬಿಚ್ಚಿಟ್ಟು ಇಳಿದುಹೋದ. ಬೇರೆ ದಾರಿ ಇದ್ದಿದ್ದರೆ ಅವನ ಕಾಲು ಹಿಡಿದಾದರೂ ತಡೆಯುತ್ತಿದ್ದೆ. ಇರಲಿಲ್ಲ. ನನಗೆ ಭಯವಾಗಿದೆ ಕಣೇ. ಯುದ್ಧದಲ್ಲೂ ಇಷ್ಟು ಆಗಿರಲಿಲ್ಲ.

ಕಲ್ಲಿದ್ದಲಿಗೆ ಒಬ್ಬನನ್ನು ಗೊತ್ತುಮಾಡಿದ್ದೇನೆ. ಅಂಥ ಹೇಳಿಕೊಳ್ಳುವ ಆಳಲ್ಲ. ವಯಸ್ಸಾಗಿದೆ, ಸೊಂಟ ಹಿಡಿಯುತ್ತದೆ, ಮಾತು ಒರಟು. ಆದರೆ ಮೊಂಡ, ಹೇಳದೆ ಕೇಳದೆ ಮೇಲೆ ಓಡಿಬರುವ ಪೈಕಿ ಅಲ್ಲ. ನಿನ್ನ ತಮ್ಮ ಒಬ್ಬನೇ ಇರುವುದಿಲ್ಲ, ಅಷ್ಟು ಧೈರ್ಯ ತಂದುಕೋ.

ಈ ಪತ್ರವನ್ನು ಮೇಟ್‌ನ ಮಳೆಯಂಗಿಯ ಜೇಬಿನಲ್ಲಿ ಇಡಿಸುತ್ತೇನೆ. ಅಳಬೇಡ ಅನ್ನುವುದಿಲ್ಲ, ನೀನು ನನ್ನ ಮಾತನ್ನು ಯಾವತ್ತು ಕೇಳಿದ್ದೀಯ? ಮಗಳಿಗೆ ಏನು ಹೇಳಬೇಕೋ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಕಿಟಕಿ ತೆರೆದೇ ಇಟ್ಟಿರು. ನಿನ್ನ ಮೇಲೆ ನನಗೆ ತುಂಬ ಪ್ರೀತಿ ಇದೆ. ಮುಖ ನೋಡಿಕೊಂಡು ಹೇಳಲು ನಾಚಿಕೆ, ಬರೆದಿದ್ದೇನೆ, ಬೇಕಾದರೆ ನಗು.

ಇಂತಿ,
ನೀನು ಕಟ್ಟಿಕೊಂಡ ಮೊಂಡ

ಮರೆತ ಮಾತು:

ಅಕ್ಕಾ, ಇದು ನನ್ನ ಅಕ್ಷರ. ನಿನ್ನೆ ಸಾಯಂಕಾಲ ಓಣಿಯೊಳಗೆ ಬಂದೆವು, ಹಡಗಿಗೆ ಏನೂ ಆಗಿಲ್ಲ, ಎಲ್ಲರೂ ಇದ್ದೇವೆ. ಭಾವ ಗೊತ್ತುಮಾಡಿದ ಆ ಮುದುಕ ಅವರೇ. ಹಲಗೆಯಷ್ಟು ದೊಡ್ಡ ಸಲಿಕೆ ಹಿಡಿದುಕೊಂಡು ಏಣಿ ಇಳಿದು ಬಂದದ್ದನ್ನು ನೋಡಿ ನನಗೆ ತಲೆ ಕೆಟ್ಟುಹೋಯಿತು. "ಮೇಲೆ ಹೋಗಿ ಭಾವ, ನೀವು ಕ್ಯಾಪ್ಟನ್ನು" ಅಂತ ಕಿರುಚಿದೆ. "ಅದನ್ನ ಮೇಲೇ ಬಿಟ್ಟು ಬಂದಿದೀನಿ. ನಿಮ್ಮಕ್ಕನಿಗೆ ಉತ್ತರ ಹೇಳೋನು ನಾನೋ ನೀನೋ? ಗಂಟೆ ಕಡೆ ಕಿವಿ ಕೊಡು" ಅಂದರು. ಒಂದು ಸಲ ಹಡಗಿನ ಹೊಟ್ಟೆಗೆ ಏನೋ ತಾಗಿ, ತಳದುದ್ದಕ್ಕೂ ಉಜ್ಜಿಕೊಂಡು ಹಿಂದಕ್ಕೆ ಹೋಯಿತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅದೇನಿತ್ತೋ, ಸಿಡಿಯಲಿಲ್ಲ. ಭಾವ ಮತ್ತೆ ಸಲಿಕೆ ಹಿಡಿದರು. ಹೊರಗೆ ಬಂದೆವು ಅಂತ ಮೇಟ್ ಕೂಗಿ ಹೇಳಿದ ಮೇಲೆ ಕಲ್ಲಿದ್ದಲ ರಾಶಿಯ ಮೇಲೆ ಕೂತು ಮಕ್ಕಳ ಹಾಗೆ ಅತ್ತರು. ಇದನ್ನು ನಿನಗೆ ಹೇಳಬಾರದಂತೆ. ಮೇಟ್ ನನ್ನ ಕೈಗೆ ಕೊಟ್ಟ ಈ ಪತ್ರವನ್ನು ಹರಿದುಹಾಕು ಅಂತ ಬೆಳಗಿನಿಂದ ನನ್ನ ಬೆನ್ನು ಹತ್ತಿದ್ದಾರೆ, ನಾನು ಕೊಟ್ಟಿಲ್ಲ. ಕಿತ್ತುಕೊಂಡು ತಾವೇ ಹರಿಯೋಣವೆಂದರೆ ಎರಡೂ ಅಂಗೈ ಗುಳ್ಳೆ ಎದ್ದು ಸುಲಿದುಹೋಗಿವೆ, ಊಟವನ್ನೂ ನಾನೇ ತಿನ್ನಿಸುತ್ತಿದ್ದೇನೆ.